ಬ್ಲಾಸ್ಕೆಟ್ ದ್ವೀಪಯಾನ: ಒಂದು ದಿನದ ವಿಹಾರ, ಒಂದು ಹಳ್ಳಿಯ ಸಾಹಿತ್ಯ

ಪ್ರವಾಸ ಸಾಹಿತ್ಯವನ್ನು ಅಭ್ಯಾಸ ಮಾಡುವಾಗ ಸಾಮಾನ್ಯವಾಗಿ ಹೋಗಿಬಂದವರ ಬರಹವನ್ನೇ ಪಠ್ಯವಾಗಿ ಇಟ್ಟುಕೊಳ್ಳಲಾಗುತ್ತದೆ. ಪ್ರವಾಸಿ ನೋಡಿದ ಸ್ಥಳದಲ್ಲಿಯೇ ಹುಟ್ಟಿ ಬೆಳೆದವರು ಅದನ್ನು ಹೇಗೆ ಬರೆದಿದ್ದಾರೆ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಏಕೆಂದರೆ ಬಹಳಷ್ಟು ಸ್ಥಳಗಳಲ್ಲಿ ಅಂಥ ಬರಹವೇ ಇರುವುದಿಲ್ಲ. ಹೊರಗಿನವರ ನೋಟ ಮತ್ತು ಒಳಗಿನವರ ಬರಹ ಎರಡೂ ಒಂದೇ ಪುಟ್ಟ ಜಾಗದಲ್ಲಿ ಎದುರಾಗುವ ಅಪರೂಪದ ಉದಾಹರಣೆಯೆಂದರೆ ಐರ್ಲೆಂಡಿನ ನೈಋತ್ಯ ಕರಾವಳಿಯಾಚೆ ಇರುವ ಗ್ರೇಟ್ ಬ್ಲಾಸ್ಕೆಟ್ ದ್ವೀಪ. ಇಂದು ಬೇಸಿಗೆಯಲ್ಲಿ ದೋಣಿಯೇರಿ ಹೋಗಿ ಸಂಜೆಯೊಳಗೆ ಮರಳುವ ವಿಹಾರತಾಣವಾಗಿರುವ ಈ ದ್ವೀಪ, ಒಂದು ಕಾಲಕ್ಕೆ ಐರಿಷ್ ಭಾಷೆಯ ಮುಖ್ಯ ಆತ್ಮಕಥನಗಳ ತವರಾಗಿತ್ತು. ದೋಣಿವಿಹಾರವನ್ನೂ ಆ ಪುಸ್ತಕಗಳನ್ನೂ ಜೊತೆಯಲ್ಲಿಟ್ಟು ನೋಡಿದಾಗ ಏನು ತಿಳಿಯುತ್ತದೆ ಎಂಬುದೇ ಈ ಪಾಠದ ವಿಷಯ.

ನೆಲ ಮತ್ತು ನೀರು

ಐರ್ಲೆಂಡಿನ ಕೆರಿ ಪ್ರಾಂತದಲ್ಲಿ ಡಿಂಗಲ್ ಎಂಬ ಪರ್ಯಾಯದ್ವೀಪವು ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿದೆ. ಆ ಬೆರಳಿನ ತುದಿಯಿಂದ ಸುಮಾರು 2 ಕಿಲೋಮೀಟರು ಆಚೆಗೆ ಗ್ರೇಟ್ ಬ್ಲಾಸ್ಕೆಟ್ ಇದೆ. ಅದರ ಸುತ್ತ ಬೆಗಿನಿಶ್, ಇನಿಶ್‌ವಿಕಿಲ್ಲಾನ್, ಇನಿಶ್‌ನಬ್ರೋ, ಇನಿಶ್‌ಟೂಸ್ಕರ್ಟ್, ಟಿಯರಖ್ತ್ ಎಂಬ ಕಿರಿಯ ದ್ವೀಪಗಳಿವೆ. ಈ ಹೆಸರುಗಳಲ್ಲಿ ಮತ್ತೆ ಮತ್ತೆ ಕಾಣುವ ‘ಇನಿಶ್’ ಎಂಬುದು ಐರಿಷ್ ಭಾಷೆಯಲ್ಲಿ ದ್ವೀಪಕ್ಕಿರುವ ಪದ. ಗ್ರೇಟ್ ಬ್ಲಾಸ್ಕೆಟ್ ಸುಮಾರು 6 ಕಿಲೋಮೀಟರು ಉದ್ದದ, ಬೆಟ್ಟದ ಬೆನ್ನಿನಂಥ ದ್ವೀಪ. ಅದರ ಅತ್ಯುನ್ನತ ಶಿಖರ 292 ಮೀಟರು. ಮುಖ್ಯಭೂಮಿಗೆ ಎದುರಾಗಿರುವ ಇಳಿಜಾರಿನಲ್ಲಿ ಹಳ್ಳಿಯಿತ್ತು. ಈಗ ಅಲ್ಲಿ ಹೆಚ್ಚಾಗಿ ಮಾಡಿಲ್ಲದ ಕಲ್ಲಿನ ಗೋಡೆಗಳು ನಿಂತಿವೆ.

ದ್ವೀಪವನ್ನೂ ಮುಖ್ಯಭೂಮಿಯನ್ನೂ ಬೇರ್ಪಡಿಸುವ ಕಿರಿದಾದ ಕಡಲಿಗೆ ಬ್ಲಾಸ್ಕೆಟ್ ಸೌಂಡ್ ಎಂದು ಹೆಸರು. ದೂರ ಕಡಿಮೆಯಾದರೂ ಉಬ್ಬರವಿಳಿತದ ಸೆಳೆತ, ನೀರಿನಡಿಯ ಬಂಡೆಗಳು, ಸಾಗರದಿಂದ ಉರುಳಿಬರುವ ದೊಡ್ಡ ಅಲೆಗಳು ಇದನ್ನು ಅಪಾಯದ ಹಾದಿಯನ್ನಾಗಿಸಿವೆ. 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿಹೋಗಿ ವಿಫಲವಾಗಿ ಮರಳುತ್ತಿದ್ದ ಸ್ಪೇನ್ ದೇಶದ ನೌಕಾಪಡೆಯ ಕೆಲವು ಹಡಗುಗಳು ಆಶ್ರಯಕ್ಕಾಗಿ ಇಲ್ಲಿಗೆ ಬಂದವು. ಅವುಗಳಲ್ಲಿ ‘ಸಾಂತಾ ಮರಿಯಾ ದೆ ಲಾ ರೋಸಾ’ ಎಂಬ ಹಡಗು ಸೆಪ್ಟೆಂಬರ್ ತಿಂಗಳಿನ ಬಿರುಗಾಳಿಯಲ್ಲಿ ಬಂಡೆಗೆ ಬಡಿದು ಮುಳುಗಿತು. ಅದರ ಅವಶೇಷಗಳನ್ನು 1968ರಲ್ಲಿ ಮುಳುಗುಗಾರರು ಪತ್ತೆ ಮಾಡಿದರು. ವಿಹಾರದ ಋತು ಇನ್ನೂ ಮುಗಿಯದ ತಿಂಗಳಿನಲ್ಲಿಯೇ ಈ ಕಡಲು ಎಂಥ ರೂಪ ತಾಳಬಲ್ಲದು ಎಂಬುದಕ್ಕೆ ಇದೊಂದು ಹಳೆಯ ಸಾಕ್ಷ್ಯ.

ಬೇಸಿಗೆಯ ಕೊನೆಯೋ, ಸುಗ್ಗಿಯ ನಡುವೋ

ಅರಬ್ಬೀ ಕರಾವಳಿಯಲ್ಲಿ ಬೆಳೆದವರಿಗೆ ಆಗಸ್ಟ್ ಎಂದರೆ ಮಳೆಗಾಲ. ಐರ್ಲೆಂಡಿನ ಪ್ರವಾಸಿಗೆ ಅದು ಬೇಸಿಗೆಯ ಕೊನೆ, ರಜೆಯ ಕಾಲ. ಆದರೆ ಐರಿಷ್ ಭಾಷೆಯ ಸಾಂಪ್ರದಾಯಿಕ ಲೆಕ್ಕದಲ್ಲಿ ಆಗಸ್ಟ್ ಬೇಸಿಗೆಗೆ ಸೇರಿದುದಲ್ಲ. ಆ ತಿಂಗಳಿಗೆ ‘ಲೂನಸ’ ಎಂದು ಹೆಸರು. ಅದರ ಮೊದಲ ದಿನವೇ ಶರತ್ಕಾಲದ, ಅಂದರೆ ಸುಗ್ಗಿಯ ಕಾಲದ, ಆರಂಭ. ಸೆಪ್ಟೆಂಬರ್ ತಿಂಗಳ ಐರಿಷ್ ಹೆಸರಿಗೆ ‘ಸುಗ್ಗಿಯ ನಡು’ ಎಂದೂ, ಅಕ್ಟೋಬರಿನ ಹೆಸರಿಗೆ ‘ಸುಗ್ಗಿಯ ಕೊನೆ’ ಎಂದೂ ಅರ್ಥ. ಪ್ರವಾಸಿಯ ಪಂಚಾಂಗದಲ್ಲಿ ವಿಶ್ರಾಂತಿಯ ತಿಂಗಳಾಗಿರುವುದು ಅಲ್ಲಿನ ರೈತ–ಬೆಸ್ತರ ಪಂಚಾಂಗದಲ್ಲಿ ಚಳಿಗಾಲಕ್ಕೆ ಕೂಡಿಡುವ ತಿಂಗಳು. ಒಂದೇ ಬಿಸಿಲಿಗೆ ಎರಡು ಭಾಷೆಗಳು ಎರಡು ಹೆಸರು ಕೊಟ್ಟಿವೆ. ಪದಗಳ ಹಿಂದೆ ದುಡಿಮೆಯ ಚರಿತ್ರೆಯಿರುತ್ತದೆ ಎಂಬುದನ್ನು ಭಾಷಾ ವಿದ್ಯಾರ್ಥಿಗಳು ಇಲ್ಲಿ ಗುರುತಿಸಬಹುದು.

ಋತುವಿಗೆ ತಕ್ಕಂತೆ ನೋಟವೂ ಬದಲಾಗುತ್ತದೆ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ವಸಂತದಲ್ಲಿ ಮರಿಮಾಡಲು ಈ ದ್ವೀಪಸಮೂಹಕ್ಕೆ ಬಂದು, ಆಗಸ್ಟ್ ಆರಂಭದ ಹೊತ್ತಿಗೆ ಸಾಗರಕ್ಕೆ ಮರಳುತ್ತವೆ. ತಡವಾಗಿ ಬಂದ ಪ್ರವಾಸಿಗೆ ಅವು ಸಿಗುವುದಿಲ್ಲ. ಬದಲಾಗಿ, ‘ಬಿಳಿಯ ದಂಡೆ’ ಎಂಬ ಅರ್ಥದ ಹೆಸರುಳ್ಳ ಮರಳ ತೀರದಲ್ಲಿ ಬೂದುಬಣ್ಣದ ಸೀಲ್‌ಗಳು ಗುಂಪುಗುಂಪಾಗಿ ಮಲಗಿರುತ್ತವೆ. ಶರತ್ಕಾಲ ಅವು ಮರಿಹಾಕುವ ಕಾಲ. ಆದುದರಿಂದ ದೂರದಿಂದಲೇ ನೋಡಿ ಹಿಂದಿರುಗುವುದು ಅಲ್ಲಿನ ಶಿಸ್ತು.

ಇಂದಿನ ದಾಟು

ದ್ವೀಪಕ್ಕೆ ಹೋಗುವ ದೋಣಿಗಳು ಡಿಂಗಲ್, ವೆಂಟ್ರಿ ಮತ್ತು ಡನ್‌ಕ್ವಿನ್ ಧಕ್ಕೆಗಳಿಂದ ಹೊರಡುತ್ತವೆ. ಸುಮಾರಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಂಚಾರವಿದ್ದು, ಪ್ರತಿದಿನದ ಹೊರಡುವಿಕೆ ಕಡಲಿನ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಡನ್‌ಕ್ವಿನ್ ಧಕ್ಕೆಗೆ ಕಡಿದಾದ ಬಂಡೆಯ ಮೇಲಿನಿಂದ ಹಾವಿನಂತೆ ಸುತ್ತಿಕೊಂಡು ಇಳಿಯುವ ಕಾಲುದಾರಿಯಿದೆ.

ದ್ವೀಪದ ಬಳಿ ದೊಡ್ಡ ದೋಣಿ ದಡಕ್ಕೆ ತಾಗುವಂತಿಲ್ಲ. ಅಲ್ಲಿ ಬಂದರಿಲ್ಲ. ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಒಂದು ಪುಟ್ಟ ಇಳಿದಾಣ ಮಾತ್ರವಿದೆ. ಪ್ರವಾಸಿಗರು ನಡುನೀರಿನಲ್ಲಿ ಗಾಳಿ ತುಂಬಿದ ರಬ್ಬರು ದೋಣಿಗೆ ಬದಲಾಗಿ, ನಾಲ್ಕಾರು ಮಂದಿಯಂತೆ ಇಳಿದಾಣವನ್ನು ಸೇರುತ್ತಾರೆ. ಅಲೆ ಏರಿದ ಕ್ಷಣವನ್ನು ನೋಡಿ ಕಾಲಿಡಬೇಕು. ಮೇಲೆ ಬಂದರೆ ಹುಲ್ಲುಹಾದಿ, ಪಾಳುಮನೆಗಳು, ದುರಸ್ತಿ ಮಾಡಿದ ಕೆಲವೇ ಮನೆಗಳು. ದ್ವೀಪಕ್ಕೆ ವಿದ್ಯುತ್ ಸಂಪರ್ಕವಿಲ್ಲ. ಪ್ರವಾಸಿಗರ ಋತುವಿನಲ್ಲಿ ಅಲ್ಲಿದ್ದು ಮನೆಗಳನ್ನೂ ಚಹಾದಂಗಡಿಯನ್ನೂ ನೋಡಿಕೊಳ್ಳಲು ಇಬ್ಬರು ಬೇಕೆಂದು 2020ರಲ್ಲಿ ಹೊರಟ ಪ್ರಕಟಣೆಗೆ ಜಗತ್ತಿನ ನಾನಾ ಕಡೆಗಳಿಂದ ಸಾವಿರಾರು ಅರ್ಜಿಗಳು ಬಂದವು. ನೆಲೆನಿಂತು ಬಾಳಲಾಗದೆ ಜನ ಬಿಟ್ಟುಬಂದ ಊರಿನಲ್ಲಿ ಆರು ತಿಂಗಳು ಇರಲು ಇಷ್ಟೊಂದು ಜನ ಹಂಬಲಿಸಿದ ಸಂಗತಿ ಆಲೋಚನೆಗೆ ತಕ್ಕದ್ದು.

ದ್ವೀಪವಾಸಿಗಳ ದಾಟು

ಇದೇ ನೀರನ್ನು ದ್ವೀಪದವರು ದಾಟುತ್ತಿದ್ದುದು ‘ನೇವೋಗ್’ ಎಂಬ ಹಗುರವಾದ ದೋಣಿಯಲ್ಲಿ. ತೆಳುವಾದ ಮರದ ಪಟ್ಟಿಗಳ ಹಂದರಕ್ಕೆ ಕ್ಯಾನ್ವಾಸ್ ಬಟ್ಟೆ ಹೊದಿಸಿ ಮೇಲೆ ಡಾಂಬರು ಬಳಿದರೆ ನೇವೋಗ್ ಸಿದ್ಧವಾಗುತ್ತದೆ. ಕೆಲವರು ಸೇರಿ ತಲೆಕೆಳಗಾಗಿ ಹೆಗಲ ಮೇಲೆ ಹೊತ್ತು ದಡಕ್ಕೆ ಒಯ್ಯಬಹುದಾದಷ್ಟು ಅದು ಹಗುರ. ಮೂವರೋ ನಾಲ್ವರೋ ಹುಟ್ಟು ಹಾಕುತ್ತಿದ್ದರು.

ದ್ವೀಪದಲ್ಲಿ ಇಗರ್ಜಿಯಿರಲಿಲ್ಲ, ವೈದ್ಯರಿರಲಿಲ್ಲ, ಮದ್ಯದಂಗಡಿಯೂ ಇರಲಿಲ್ಲ. ಭಾನುವಾರದ ಪೂಜೆಗೆ ಡನ್‌ಕ್ವಿನ್‌ಗೆ ದಾಟಬೇಕು. ಪಾದ್ರಿ ಬೇಕೆಂದರೂ, ವೈದ್ಯ ಬೇಕೆಂದರೂ, ಮೀನು ಮಾರಬೇಕೆಂದರೂ ಹುಟ್ಟು ಹಿಡಿಯಲೇಬೇಕು. ವೈದ್ಯರಿದ್ದ ಡಿಂಗಲ್ ಪಟ್ಟಣ ದಡದಿಂದಲೂ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ತೀರಿಕೊಂಡವರ ಶವವನ್ನೂ ಸಾಮಾನ್ಯವಾಗಿ ದೋಣಿಯಲ್ಲಿಯೇ ಮುಖ್ಯಭೂಮಿಯ ಸ್ಮಶಾನಕ್ಕೆ ಒಯ್ಯಲಾಗುತ್ತಿತ್ತು.

ಹಾಗೆಂದು ದ್ವೀಪದವರಿಗೆ ವಿಹಾರವೇ ಇರಲಿಲ್ಲ ಎನ್ನುವಂತಿಲ್ಲ. ಮೊಲ, ಕಡಲಹಕ್ಕಿಗಳ ಬೇಟೆಗೆಂದು ಅವರು ಇನಿಶ್‌ವಿಕಿಲ್ಲಾನ್ ಮೊದಲಾದ ಹೊರದ್ವೀಪಗಳಿಗೆ ಒಂದು ದಿನದ ಮಟ್ಟಿಗೆ ಹೋಗಿಬರುತ್ತಿದ್ದರು. ಗಾಳಿ ಎದ್ದರೆ ಆ ಒಂದು ದಿನ ಹಲವು ದಿನಗಳಾಗುವುದೂ ಇತ್ತು. ವೆಂಟ್ರಿಯಲ್ಲಿ ನಡೆಯುತ್ತಿದ್ದ ದೋಣಿಪಂದ್ಯಕ್ಕೆ ಹೊರಡುವುದು ಹುಡುಗರಿಗೆ ದೊಡ್ಡ ಹಬ್ಬ. ಮುಂದೆ ಪ್ರಸ್ತಾಪಿಸಲಾಗುವ ಮ್ವಿರಿಶ್ ಓ ಸೂಲವಾನ್ ಅವರ ಕೃತಿಯಲ್ಲಿ ಬೇಟೆಯ ದಿನಕ್ಕೂ ಈ ಪಂದ್ಯದ ದಿನಕ್ಕೂ ಪ್ರತ್ಯೇಕ ಅಧ್ಯಾಯಗಳೇ ಇವೆ. ಅಲ್ಲಿ ವಿಹಾರವೂ ದುಡಿಮೆಯೂ ಬೇರೆಬೇರೆಯಲ್ಲ. ಬೇಟೆಯ ಸಂತೋಷ ಸಂಜೆಯ ಊಟವೂ ಆಗಿರುತ್ತದೆ.

ಅತಿಥಿಗಳು ಬಂದರು, ಪುಸ್ತಕಗಳು ಹುಟ್ಟಿದವು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಬಹುಭಾಗದಲ್ಲಿ ಇಂಗ್ಲಿಷ್ ಭಾಷೆಯೇ ಮನೆಮಾತಾಗಿತ್ತು. ಐರಿಷ್ ಭಾಷೆ ಮುಖ್ಯವಾಗಿ ಪಶ್ಚಿಮದ ಅಂಚಿಗೆ ಸರಿದಿತ್ತು. ಭಾಷೆಯ ಪುನರುಜ್ಜೀವನದ ಚಳವಳಿ ಬಲಗೊಂಡಾಗ ವಿದ್ವಾಂಸರ ಗಮನ ಆ ಅಂಚಿನ ಕಡೆಗೆ ಹರಿಯಿತು. 1907ರಲ್ಲಿ ನಾರ್ವೆ ದೇಶದ ಭಾಷಾವಿಜ್ಞಾನಿ ಕಾರ್ಲ್ ಮಾರ್ಸ್ಟ್ರಾಂಡರ್ ಐರಿಷ್ ಕಲಿಯಲು ಬ್ಲಾಸ್ಕೆಟ್‌ಗೆ ಬಂದರು. 1910ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ರಾಬಿನ್ ಫ್ಲವರ್ ಬಂದರು. ದ್ವೀಪದವರು ಅವರ ಹೆಸರನ್ನು ತಮ್ಮ ಭಾಷೆಗೆ ಹೊರಳಿಸಿಕೊಂಡು ‘ಪುಟ್ಟ ಹೂವು’ ಎಂಬರ್ಥದ ಪ್ರೀತಿಯ ಹೆಸರಿನಿಂದ ಕರೆದರು. 1946ರಲ್ಲಿ ಅವರು ತೀರಿಕೊಂಡ ಬಳಿಕ ಚಿತಾಭಸ್ಮವನ್ನು ಇದೇ ದ್ವೀಪದಲ್ಲಿ ಚೆಲ್ಲಲಾಯಿತು. ಗ್ರೀಕ್ ವಿದ್ವಾಂಸ ಜಾರ್ಜ್ ಥಾಮ್ಸನ್ 1923ರಲ್ಲಿ ಮೊದಲ ಬಾರಿಗೆ ಬಂದರು.

ಇವರಿಗೆಲ್ಲ ಭಾಷೆ ಕಲಿಸಿದವರಲ್ಲಿ ಪ್ರಮುಖರು ತೊಮಾಸ್ ಓ ಕ್ರಿಹಿನ್. ಅವರು ಬೆಸ್ತರು, ಒಕ್ಕಲುತನದವರು. ಬಾಲ್ಯದ ಶಾಲೆಯಲ್ಲಿ ಅವರು ಓದುಬರಹ ಕಲಿತದ್ದು ಇಂಗ್ಲಿಷಿನಲ್ಲಿ. ತಾಯ್ನುಡಿಯ ಅಕ್ಷರವನ್ನು ಕಲಿತದ್ದು ದೊಡ್ಡವರಾದ ಮೇಲೆ. ಅದಕ್ಕೆ ಒದಗಿದ ಸಂದರ್ಭ ಗಮನಾರ್ಹ. ಕಡಲು ಕೆರಳಿ ಮನೆಗೆ ಮರಳಲಾಗದೆ ಡನ್‌ಕ್ವಿನ್‌ನಲ್ಲಿ ತಂಗಬೇಕಾದ ದಿನಗಳಲ್ಲಿ, ತಂಗಿದ ಮನೆಯ ಮಕ್ಕಳು ಶಾಲೆಯಲ್ಲಿ ಕಲಿಯುತ್ತಿದ್ದ ಐರಿಷ್ ಪುಸ್ತಕಗಳನ್ನು ಅವರು ನೋಡಿದರು, ಮಕ್ಕಳಿಂದ ಓದಿಸಿಕೊಂಡರು, ಕ್ರಮೇಣ ತಾವೇ ಓದಿದರು. ದಾಟಲಾಗದ ನೀರು ಒಬ್ಬ ಲೇಖಕನನ್ನು ಸಿದ್ಧಗೊಳಿಸಿತು ಎನ್ನಬಹುದು.

1917ರಲ್ಲಿ ಬಂದ ಬ್ರಿಯಾನ್ ಓ ಕೆಲ್ಲಿ ಎಂಬ ಅತಿಥಿ, ಬದುಕನ್ನು ಬರೆದಿಡುವಂತೆ ಅವರನ್ನು ಒತ್ತಾಯಿಸಿದರು. ಬಡವರ ಬದುಕೂ ಸಾಹಿತ್ಯದ ವಸ್ತುವಾಗಬಲ್ಲದು ಎಂಬುದನ್ನು ಮನಗಾಣಿಸಲು ಮ್ಯಾಕ್ಸಿಂ ಗಾರ್ಕಿಯ ಬರಹಗಳನ್ನು ಅವರಿಗೆ ಓದಿಹೇಳಿದರು. ಫಲವಾಗಿ 1928ರಲ್ಲಿ ದಿನಚರಿ ರೂಪದ ಕೃತಿಯೂ 1929ರಲ್ಲಿ ‘ದ್ವೀಪವಾಸಿ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಆತ್ಮಕಥೆಯೂ ಪ್ರಕಟವಾದವು. ಆತ್ಮಕಥೆಯನ್ನು ರಾಬಿನ್ ಫ್ಲವರ್ ಇಂಗ್ಲಿಷಿಗೆ ಅನುವಾದಿಸಿದರು.

1933ರಲ್ಲಿ ಮ್ವಿರಿಶ್ ಓ ಸೂಲವಾನ್ ಅವರ ‘ಬೆಳೆಯುತ್ತ ಇಪ್ಪತ್ತು ವರ್ಷ’ ಎಂಬರ್ಥದ ಕೃತಿ ಬಂತು. ಇದಕ್ಕೆ ಪ್ರೇರಣೆ ನೀಡಿದವರು ಜಾರ್ಜ್ ಥಾಮ್ಸನ್. ಅದೇ ವರ್ಷ ಬಂದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವರು, ಭಾರತವನ್ನು ಕುರಿತ ಕಾದಂಬರಿಯಿಂದ ಇಲ್ಲಿನ ಓದುಗರಿಗೂ ಪರಿಚಿತರಾದ ಇ. ಎಂ. ಫಾರ್ಸ್ಟರ್.

ಮೂರನೆಯ ಮುಖ್ಯ ಲೇಖಕಿ ಪೆಗ್ ಸೇಯರ್ಸ್ (1873–1958). ಅವರು ಮುಖ್ಯಭೂಮಿಯಲ್ಲಿ ಹುಟ್ಟಿ, ಮದುವೆಯಾಗಿ ದೋಣಿ ದಾಟಿ ದ್ವೀಪಕ್ಕೆ ಬಂದವರು. ತಾಯ್ನುಡಿಯಲ್ಲಿ ಬರೆಯಲು ಬಾರದಿದ್ದರೂ ಹೇಳುವುದರಲ್ಲಿ ಅಸಾಧಾರಣ ಪ್ರತಿಭೆಯಿದ್ದ ಅವರು ತಮ್ಮ ಬಾಳಕಥೆಯನ್ನು ಮಗನಿಗೆ ಹೇಳಿ ಬರೆಯಿಸಿದರು. ಅದು 1936ರಲ್ಲಿ ಅಚ್ಚಾಯಿತು. 1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗದ ಸಂಗ್ರಾಹಕರು ಅವರಿಂದ ನೂರಾರು ಕಥೆಗಳನ್ನು ಬರೆದುಕೊಂಡರು. ಹೊರಗಿನ ವಿದ್ವಾಂಸ ಮತ್ತು ನೆಲದ ಕಥನಕಾರ ಕೂಡಿದಾಗ ಪಠ್ಯವೊಂದು ರೂಪುಗೊಳ್ಳುವ ಈ ಬಗೆಗೆ ತುಳುನಾಡಿನಲ್ಲಿಯೂ ಸಮಾನಾಂತರವಿದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಇಲ್ಲಿನ ವಿದ್ವಾಂಸರೊಂದಿಗೆ 1990ರಲ್ಲಿ ದಾಖಲಿಸಿದ್ದನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಒಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು. 1916ರ ಸುಮಾರಿಗೆ, ಜನಸಂಖ್ಯೆ ಅತಿಹೆಚ್ಚಿದ್ದಾಗ, ದ್ವೀಪದಲ್ಲಿದ್ದವರು 176 ಮಂದಿ. ಅಷ್ಟು ಸಣ್ಣ ಹಳ್ಳಿಯಿಂದ ಒಂದೇ ದಶಕದೊಳಗೆ ಮೂವರು ಮುಖ್ಯ ಆತ್ಮಕಥನಕಾರರು ಹೊರಬಂದರು.

1909ರ ಆಗಸ್ಟ್

ಅತಿಥಿಗಳ ಆಗಮನವನ್ನು ಲಾಭದ ಕಥೆಯಾಗಿ ಮಾತ್ರ ಹೇಳಿದರೆ ಅದು ಅಪೂರ್ಣ. 1909ರ ಬೇಸಿಗೆಯಲ್ಲಿ ಡಬ್ಲಿನ್ ನಗರದಿಂದ ಎವ್ಲೀನ್ ನಿಕಲ್ಸ್ ಎಂಬ ಯುವ ವಿದುಷಿ ಐರಿಷ್ ಭಾಷೆಯನ್ನು ಆಡುವವರ ನಡುವೆಯೇ ಇದ್ದು ಕಲಿಯಲು ದ್ವೀಪಕ್ಕೆ ಬಂದಿದ್ದರು. ಆಗಸ್ಟ್ ತಿಂಗಳ ಒಂದು ದಿನ ಬಿಳಿಯ ದಂಡೆಯಲ್ಲಿ ಈಜಲು ಇಳಿದಾಗ ಅವರು ಅಪಾಯಕ್ಕೆ ಸಿಲುಕಿದರು. ಅವರನ್ನು ಉಳಿಸಲು ನೀರಿಗೆ ಧುಮುಕಿದವರು ತೊಮಾಸ್ ಓ ಕ್ರಿಹಿನ್ ಅವರ ಮಗ ಡೊನಾಲ್. ಇಬ್ಬರೂ ಬದುಕಲಿಲ್ಲ. ಈಜಲು ಜೊತೆಗಿದ್ದ ಓ ಕ್ರಿಹಿನ್ ಅವರ ಮಗಳನ್ನು ದಡಕ್ಕೆ ತರಲಾಯಿತು.

ಇಂದು ಪ್ರವಾಸಿಗರು ಸೀಲ್‌ಗಳನ್ನು ನೋಡುತ್ತ ನಿಲ್ಲುವ ದಂಡೆ ಅದೇ. ಅಲ್ಲಿ ಮಗನನ್ನು ಕಳೆದುಕೊಂಡ ತಂದೆ ಅನಂತರವೂ ಬಂದ ಅತಿಥಿಗಳಿಗೆ ಬಾಗಿಲು ಮುಚ್ಚಲಿಲ್ಲ, ಭಾಷೆ ಕಲಿಸುವುದನ್ನು ನಿಲ್ಲಿಸಲಿಲ್ಲ. ‘ದ್ವೀಪವಾಸಿ’ಯಲ್ಲಿ ಈ ಸಾವಿನ ಪ್ರಸ್ತಾಪ ಬಹಳ ಸಂಕ್ಷಿಪ್ತವಾಗಿದೆ. ಮಕ್ಕಳ ಸಾವುಗಳನ್ನು ಆ ಕೃತಿ ಕೆಲವೇ ಸಾಲುಗಳಲ್ಲಿ ಹೇಳಿ ಮುಂದೆ ಸಾಗುತ್ತದೆ. ಸ್ಥಳದ ಪರಿಚಯವಿಲ್ಲದ ಓದುಗನಿಗೆ ಈ ಸಂಕ್ಷಿಪ್ತತೆ ನಿರ್ಲಿಪ್ತತೆಯಂತೆ ತೋರಬಹುದು. ಪ್ರತಿದಿನವೂ ಅದೇ ದಂಡೆಯನ್ನು ನೋಡುತ್ತ, ಅದೇ ನೀರಿನಲ್ಲಿ ಮೀನು ಹಿಡಿಯುತ್ತ ಬಾಳಬೇಕಾದವನ ಬರವಣಿಗೆ ಅದು ಎಂದು ತಿಳಿದಾಗ ಮಿತಭಾಷೆಯ ಭಾರ ಅರ್ಥವಾಗುತ್ತದೆ.

ನಿರ್ಗಮನ

ಯುವಕರು ಅಮೆರಿಕಕ್ಕೆ ವಲಸೆಹೋದಂತೆ ದ್ವೀಪ ಬರಿದಾಗತೊಡಗಿತು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಬ್ಲಾಸ್ಕೆಟ್ ಮೂಲದ ಕುಟುಂಬಗಳ ದೊಡ್ಡ ನೆಲೆಯೇ ಉಂಟಾಯಿತು. 1940ರ ದಶಕದ ಆರಂಭದಲ್ಲಿ ಮಕ್ಕಳಿಲ್ಲದೆ ದ್ವೀಪದ ಶಾಲೆ ಮುಚ್ಚಿತು. ನೇವೋಗ್‌ಗೆ ಬೇಕಾದ ತೋಳುಗಳು ಕಡಿಮೆಯಾದವು. ಹುಟ್ಟು ಹಾಕುವ ಯುವಕರಿಲ್ಲದ ಮೇಲೆ ಎರಡು ಕಿಲೋಮೀಟರು ಇನ್ನಷ್ಟು ದೂರವಾಯಿತು.

1946–47ರ ಚಳಿಗಾಲದಲ್ಲಿ ದ್ವೀಪದ ಯುವಕನೊಬ್ಬ ಮಿದುಳುಪೊರೆಯ ಉರಿಯೂತದಿಂದ ಮಲಗಿದಾಗ ಬಿರುಗಾಳಿಯಿಂದಾಗಿ ವೈದ್ಯರನ್ನಾಗಲಿ ಪಾದ್ರಿಯನ್ನಾಗಲಿ ಕರೆತರಲಾಗಲಿಲ್ಲ. ಆತ ತೀರಿಕೊಂಡ. ಅದೇ 1947ರಲ್ಲಿ ಗಾಳಿಗೆ ಸಿಕ್ಕಿ ಆಹಾರ ಮುಗಿದಾಗ ದ್ವೀಪದವರು ಪ್ರಧಾನಿ ಏಮನ್ ಡೆ ವಲೆರಾ ಅವರಿಗೆ ತಂತಿ ಕಳುಹಿಸಿದರು. ತಮ್ಮನ್ನು ಮುಖ್ಯಭೂಮಿಗೆ ಸ್ಥಳಾಂತರಿಸಬೇಕೆಂಬ ಬೇಡಿಕೆ ದ್ವೀಪದವರಿಂದಲೇ ಬಂತು. ಕೊನೆಗೆ 1953ರ ನವೆಂಬರ್ 17 ಸ್ಥಳಾಂತರದ ದಿನವಾಯಿತು. ಆಗ ಉಳಿದಿದ್ದವರು 22 ಮಂದಿ. ಅವರಿಗೆ ದೊರೆತ ಮನೆಗಳು ಎದುರು ದಡದ ಡನ್‌ಕ್ವಿನ್ ಸೀಮೆಯಲ್ಲಿ. ಬಿಟ್ಟುಬಂದ ಮನೆಗಳು ಕಣ್ಣಿಗೆ ಕಾಣುತ್ತಲೇ ಇದ್ದವು.

ದಡದ ಶಾಲೆ

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1970ರಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣದಿಂದ ಡನ್‌ಕ್ವಿನ್‌ನ ಶಾಲೆಯನ್ನೇ ಸರಕಾರ ಮುಚ್ಚಿತು. ಐರಿಷ್ ಆಡುವ ಊರಿನ ಶಾಲೆ ಹೋದರೆ ಭಾಷೆಯೂ ಹೋದಂತೆ ಎಂದು ಪೋಷಕರು ಪ್ರತಿಭಟಿಸಿದರು. ಮಕ್ಕಳನ್ನು ಬೇರೆಡೆಗೆ ಕಳುಹಿಸಲೊಪ್ಪದೆ ತಾವೇ ಶಾಲೆಯನ್ನು ನಡೆಸಿದರು. 1973ರಲ್ಲಿ ಶಾಲೆ ಅಧಿಕೃತವಾಗಿ ಮತ್ತೆ ತೆರೆಯಿತು. ದ್ವೀಪದ ಬಾಳುವೆ ಮತ್ತು ಸಾಹಿತ್ಯವನ್ನು ಪರಿಚಯಿಸುವ ಕೇಂದ್ರವೊಂದು 1993ರಲ್ಲಿ ಇದೇ ಡನ್‌ಕ್ವಿನ್‌ನಲ್ಲಿ ಆರಂಭವಾಯಿತು. ದೋಣಿ ಹೊರಡದ ದಿನಗಳಲ್ಲಿ ಪ್ರವಾಸಿಗರು ಅಲ್ಲಿಂದಲೇ ದ್ವೀಪವನ್ನು ನೋಡುತ್ತಾರೆ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಈ ಶಾಲೆಯ ವೃತ್ತಾಂತ ದೂರದ್ದೆನಿಸಲಾರದು. ಆದರೆ ಹೋಲಿಕೆಯಲ್ಲಿ ಎಚ್ಚರವೂ ಬೇಕು. ಕನ್ನಡ ಕೋಟ್ಯಂತರ ಜನರ ಭಾಷೆ, ಒಂದು ರಾಜ್ಯದ ಆಡಳಿತ ಭಾಷೆ. ಐರಿಷ್ ಒಂದು ದೇಶದ ಪ್ರಥಮ ಅಧಿಕೃತ ಭಾಷೆಯಾಗಿದ್ದರೂ ದೈನಂದಿನ ಬಳಕೆಯಲ್ಲಿ ಸಣ್ಣ ಸಮುದಾಯಗಳ ಭಾಷೆ. ಹೋಲಿಕೆ ಸಲ್ಲುವುದು ಒಂದು ಅಂಶದಲ್ಲಿ: ಭಾಷೆಯ ಕೇಂದ್ರ ಎಲ್ಲಿಯೇ ಇರಲಿ, ಅಂಚಿನಲ್ಲಿ ಅದನ್ನು ಉಳಿಸುವವರು ಅಲ್ಲಿಯೇ ಬಾಳುತ್ತ, ಮಕ್ಕಳಿಗೆ ಕಲಿಸುವವರು.

ಪಾಠದ ಸಾರ

ಬ್ಲಾಸ್ಕೆಟ್‌ನ ದೋಣಿವಿಹಾರ ತಪ್ಪಲ್ಲ. ಓದುವ ಅತಿಥಿಗಳು ಬಾರದಿದ್ದರೆ ಆ ಪುಸ್ತಕಗಳೇ ಹುಟ್ಟುತ್ತಿರಲಿಲ್ಲವೇನೋ. ಆದರೆ ಬಂದವರಲ್ಲಿ ಎರಡು ಬಗೆ. ಕೆಲವರು ನೋಡಿ ಹೋದರು. ಕೆಲವರು ದ್ವೀಪದವರ ಭಾಷೆಯನ್ನು ಅವರಿಂದಲೇ ಕಲಿತು, ಬರೆಯುವ ಧೈರ್ಯವನ್ನು ಅವರಿಗೇ ಕೊಟ್ಟರು. ಎರಡನೆಯ ಬಗೆಯವರಿಂದ ಸಾಹಿತ್ಯ ಉಳಿಯಿತು. ಆದರೆ ಅವರಿಂದಲೂ ಹಳ್ಳಿ ಉಳಿಯಲಿಲ್ಲ. ಹಳ್ಳಿ ಉಳಿಯಲು ವೈದ್ಯ, ಶಾಲೆ, ಸುರಕ್ಷಿತ ಇಳಿದಾಣ, ದುಡಿಮೆ ಬೇಕಿತ್ತು. ಸಾಹಿತ್ಯವು ಒಂದು ಜನಪದದ ನೆನಪನ್ನು ಕಾಯಬಲ್ಲದು, ಅದರ ಬಾಳನ್ನು ಕಾಯಲಾರದು. ಈ ಎರಡರ ವ್ಯತ್ಯಾಸವನ್ನು ಅರಿತು ಓದುವುದು ಪ್ರಾದೇಶಿಕ ಸಾಹಿತ್ಯದ ವಿದ್ಯಾರ್ಥಿಗೆ ಅಗತ್ಯ.

ಅಭ್ಯಾಸಕ್ಕೆ

1. ಹೇಳಿ ಬರೆಯಿಸಿದ ಆತ್ಮಕಥೆಗೂ ಸ್ವತಃ ಬರೆದ ಆತ್ಮಕಥೆಗೂ ನಿರೂಪಣೆಯಲ್ಲಿ ಯಾವ ವ್ಯತ್ಯಾಸಗಳಿರಬಹುದು? ಪೆಗ್ ಸೇಯರ್ಸ್ ಮತ್ತು ತೊಮಾಸ್ ಓ ಕ್ರಿಹಿನ್ ಅವರನ್ನು ಗಮನದಲ್ಲಿಟ್ಟು ಚರ್ಚಿಸಿ.

2. ತಿಂಗಳು ಹಾಗೂ ಋತುಗಳ ಹೆಸರಿನಲ್ಲಿ ಅಡಗಿರುವ ದುಡಿಮೆಯ ಚರಿತ್ರೆಯನ್ನು ನಿಮ್ಮ ಊರಿನ ಆಡುಮಾತುಗಳಿಂದ ಉದಾಹರಣೆ ಕೊಟ್ಟು ವಿವರಿಸಿ.

3. ನಿಮ್ಮ ಊರಿನ ಹಿರಿಯರೊಬ್ಬರಿಂದ ದೋಣಿ, ಕಡವು ಅಥವಾ ಹೊಳೆ ದಾಟಿದ ಅನುಭವವನ್ನು ಕೇಳಿ, ಅವರ ಮಾತಿನ ಧಾಟಿ ಕೆಡದಂತೆ ಎರಡು ಪುಟಗಳಲ್ಲಿ ಬರೆಯಿರಿ. ಬರೆದುದನ್ನು ಅವರಿಗೇ ಓದಿಹೇಳಿ, ಅವರು ಸೂಚಿಸಿದ ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ.